ಹಳೆಯ ಫೋಟೊಗಳು ಹೇಳುವ ಮಂಗಳೂರು ಬಂದರಿನ ಕಥೆ

ನಮ್ಮ ಕೋಲಾರ ಜಿಲ್ಲೆಗೆ ಸಮುದ್ರವಿಲ್ಲ. ನಮ್ಮ ವಿದ್ಯಾರ್ಥಿಗಳಲ್ಲಿ ಅನೇಕರು ಹಡಗನ್ನು ಕಂಡಿರುವುದು ಚಿತ್ರದಲ್ಲಿ ಮಾತ್ರ. ಆದರೂ ಮುಳಬಾಗಿಲಿಗೂ ಬಂದರಿಗೂ ಹಳೆಯ ನಂಟಿದೆ. ನಮ್ಮ ಊರನ್ನು ಹಾದುಹೋಗುವ ರಾಷ್ಟ್ರೀಯ ಹೆದ್ದಾರಿ 75 ಪಶ್ಚಿಮಕ್ಕೆ ಬೆಂಗಳೂರು, ಹಾಸನಗಳನ್ನು ದಾಟಿ ಮಂಗಳೂರಿನ ಸಮೀಪದ ಬಂಟ್ವಾಳಕ್ಕೆ ಹೋಗುತ್ತದೆ. ಪೂರ್ವಕ್ಕೆ ಹೋದರೆ ವೆಲ್ಲೂರು ಸಿಗುತ್ತದೆ, ಅಲ್ಲಿಂದ ಮುಂದೆ ಮದರಾಸು, ಅಂದರೆ ಇಂದಿನ ಚೆನ್ನೈ. ಹೀಗೆ ಎರಡು ಕಡಲುಗಳ ನಡುವಿನ ದಾರಿಯಲ್ಲಿ ನಾವಿದ್ದೇವೆ.

'ಬಂದರು' ಎಂಬ ಪದವೇ ಫಾರ್ಸಿಯ 'ಬಂದರ್'ನಿಂದ ಬಂದದ್ದು. ಮುಂಗಾರಿಗೆ ಇಂಗ್ಲಿಷಿನವರು ಹೇಳುವ 'ಮಾನ್ಸೂನ್' ಮತ್ತು ನಾವು ಉರ್ದುವಿನಲ್ಲಿ ಹೇಳುವ 'ಮೌಸಮ್' ಎರಡಕ್ಕೂ ಮೂಲ ಒಂದೇ ಅರಬ್ಬೀ ಪದ. ಗಾಳಿಯ ಕಾಲವನ್ನು ನೋಡಿಕೊಂಡು ಹಾಯಿ ಬಿಚ್ಚುತ್ತಿದ್ದ ನಾವಿಕರ ಮಾತುಗಳು ಹೀಗೆ ನಮ್ಮ ಭಾಷೆಗಳಲ್ಲಿ ಉಳಿದಿವೆ.

ಫೋಟೊಗಳಿಗೆ ಮುಂಚಿನ ಬಂದರು

1342ರ ಸುಮಾರಿಗೆ ಪ್ರವಾಸಿ ಇಬ್ನ್ ಬತೂತಾ ಈ ಕರಾವಳಿಯಲ್ಲಿ ಸಂಚರಿಸಿದನು. ಯಮನ್ ಮತ್ತು ಫಾರ್ಸ್ ದೇಶಗಳ ವರ್ತಕರು ಮಂಗಳೂರಿನಲ್ಲಿ ಇಳಿಯುತ್ತಾರೆ, ಮೆಣಸು ಮತ್ತು ಶುಂಠಿ ಅಲ್ಲಿ ಹೇರಳವಾಗಿವೆ ಎಂದು ಬರೆದನು. ಹೊನ್ನಾವರದಲ್ಲಿ ಹೆಣ್ಣುಮಕ್ಕಳಿಗೆ 13, ಗಂಡುಮಕ್ಕಳಿಗೆ 23 ಶಾಲೆಗಳನ್ನು ಕಂಡೆನೆಂದೂ ಅವನು ದಾಖಲಿಸಿದ್ದಾನೆ. ವ್ಯಾಪಾರ ನಡೆಯುತ್ತಿದ್ದ ಬಂದರಿನಲ್ಲಿ ವಿದ್ಯೆಗೂ ಸ್ಥಾನವಿತ್ತು ಎಂಬುದನ್ನು ನಮ್ಮ ವಿದ್ಯಾರ್ಥಿನಿಯರು ವಿಶೇಷವಾಗಿ ಗಮನಿಸಬೇಕು.

ನಮ್ಮದೇ ಜಿಲ್ಲೆಯ ಬೂದಿಕೋಟೆಯಲ್ಲಿ ಹುಟ್ಟಿದ ಹೈದರಲಿ 1763ರಲ್ಲಿ ಮಂಗಳೂರನ್ನು ವಶಪಡಿಸಿಕೊಂಡು ಅಲ್ಲಿ ಯುದ್ಧನೌಕೆಗಳನ್ನು ಕಟ್ಟಿಸಿದನು. ಒಳನಾಡಿನಲ್ಲಿ ಬೆಳೆದವನಿಗೆ ಕಡಲಿನ ಬೆಲೆ ತಿಳಿದಿತ್ತು. ಮೊದಲನೇ ಮೈಸೂರು ಯುದ್ಧದಲ್ಲಿ, 1768ರ ಆರಂಭದಲ್ಲಿ, ಬೊಂಬಾಯಿಯಿಂದ ಬಂದ ಇಂಗ್ಲಿಷ್ ಪಡೆ ಮಂಗಳೂರನ್ನು ಹಿಡಿಯಿತು. ಕೆಲವೇ ತಿಂಗಳಲ್ಲಿ ಹೈದರಲಿ ಅದನ್ನು ಮರಳಿ ಪಡೆದನು. ಅದೇ ವರ್ಷದ ಅಕ್ಟೋಬರಿನಲ್ಲಿ ಅದೇ ಯುದ್ಧ ನಮ್ಮ ಮುಳಬಾಗಿಲಿನ ಬಂಡೆಗಳ ನಡುವೆ ನಡೆಯಿತು. 1780ರ ಡಿಸೆಂಬರಿನಲ್ಲಿ ಅಡ್ಮಿರಲ್ ಹ್ಯೂಸ್ ಮಂಗಳೂರಿನಲ್ಲಿದ್ದ ಹೈದರನ ನೌಕೆಗಳನ್ನು ನಾಶಮಾಡಿದನು. ಟಿಪ್ಪು ಸುಲ್ತಾನ್ ಮಸ್ಕತ್ತಿನೊಡನೆ ವ್ಯಾಪಾರ ಬೆಳೆಸಿದನು. 1796ರಲ್ಲಿ 40 ಯುದ್ಧನೌಕೆಗಳನ್ನು ಕಟ್ಟುವ ಯೋಜನೆ ಹಾಕಿದನು. 1799ರಲ್ಲಿ ಅವನು ಮಡಿದಾಗ ಆ ಯೋಜನೆಯೂ ಅಲ್ಲಿಗೇ ನಿಂತಿತು.

ಈ ನೌಕೆಗಳ ಒಂದು ಫೋಟೊ ಕೂಡ ಇಲ್ಲ. ಫೋಟೊ ತೆಗೆಯುವ ವಿದ್ಯೆ ಜಗತ್ತಿಗೆ ಪ್ರಕಟವಾದದ್ದೇ 1839ರಲ್ಲಿ. 1784ರಲ್ಲಿ ಟಿಪ್ಪು ಗುರುಪುರ ನದಿಯ ದಡದಲ್ಲಿ ಕಲ್ಲಿನಿಂದ ಕಟ್ಟಿಸಿದ ಸುಲ್ತಾನ್ ಬತ್ತೇರಿ ಇಂದಿಗೂ ನಿಂತಿದೆ. ಮರದಿಂದ ಕಟ್ಟಿದ ನೌಕೆಗಳು ಉಳಿಯಲಿಲ್ಲ. ಮರದ ಧಕ್ಕೆಗಳ ಗತಿಯೂ ಇದೇ. ಉಪ್ಪುನೀರಿನಲ್ಲಿ ನಿಂತ ಮರವನ್ನು ಹಡಗುಹುಳು ಒಳಗಿನಿಂದಲೇ ಕೊರೆದು ತಿನ್ನುತ್ತದೆ. ಆದ್ದರಿಂದಲೇ ಹಳೆಯ ಬಂದರುಗಳ ವಿಷಯದಲ್ಲಿ ಫೋಟೊಗಳಿಗೆ ಅಷ್ಟು ಬೆಲೆ.

ಫೋಟೊಗಳಲ್ಲಿ ಕಾಣುವುದು

1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಶನ್ನಿನವರು 1865ರಲ್ಲಿ ಅಲ್ಲಿ ಹೆಂಚಿನ ಕಾರ್ಖಾನೆ ತೆರೆದರು. ಅವರ ಸಂಸ್ಥೆಯ ಹತ್ತಾರು ಸಾವಿರ ಹಳೆಯ ಫೋಟೊಗಳು ಸ್ವಿಟ್ಜರ್‌ಲೆಂಡಿನ ಬಾಸೆಲ್ ನಗರದಲ್ಲಿ ಸುರಕ್ಷಿತವಾಗಿವೆ. ಈಗ ಅವುಗಳನ್ನು ಅಂತರ್ಜಾಲದಲ್ಲಿಯೂ ನೋಡಬಹುದು. ಮಂಗಳೂರಿನ ಹೆಂಚು, ಮಲೆನಾಡು ಮತ್ತು ಕೊಡಗಿನ ಕಾಫಿ, ಮೆಣಸು, ಅಕ್ಕಿ ಎಲ್ಲವೂ ಈ ಬಂದರಿನಿಂದ ಹೊರಟು ಬೊಂಬಾಯಿ ಹಾಗೂ ಪರದೇಶಗಳಿಗೆ ಹೋಗುತ್ತಿದ್ದವು.

ಇಂತಹ ಬಂದರಿನ ಹಳೆಯ ಫೋಟೊವನ್ನು ನೋಡುವಾಗ ಮೊದಲು ಕೇಳಬೇಕಾದ ಪ್ರಶ್ನೆ: ಧಕ್ಕೆಯಲ್ಲಿ ದೊಡ್ಡ ಹಡಗು ಏಕಿಲ್ಲ? ನೇತ್ರಾವತಿ ಮತ್ತು ಗುರುಪುರ ನದಿಗಳು ಕೂಡಿ ಸಮುದ್ರ ಸೇರುವ ಅಳಿವೆಯಲ್ಲಿ ಮರಳಿನ ದಿಬ್ಬವಿದೆ, ನೀರಿನ ಆಳ ಕಡಿಮೆ. ಹೀಗಾಗಿ ಉಗಿಹಡಗುಗಳು ಹೊರಗೆ ಕಡಲಿನಲ್ಲೇ ಲಂಗರು ಹಾಕುತ್ತಿದ್ದವು. ಸರಕನ್ನೂ ಪ್ರಯಾಣಿಕರನ್ನೂ ಮಚುವೆ, ದೋಣಿಗಳಲ್ಲಿ ಸಾಗಿಸಬೇಕಿತ್ತು. ಕಟ್ಟುಗಳು ತಲೆಯ ಮೇಲೆ, ಹೆಂಚು ಕೈಯಿಂದ ಕೈಗೆ. ಜೂನ್‌ನಿಂದ ಮಳೆಗಾಲದ ಅಬ್ಬರ ಇಳಿಯುವವರೆಗೆ ಈ ಕೆಲಸವೂ ನಿಲ್ಲುತ್ತಿತ್ತು. 1907ರಲ್ಲಿ ಮಂಗಳೂರಿಗೆ ರೈಲು ಬಂದ ಮೇಲೆಯೇ ಮಳೆಗಾಲದಲ್ಲೂ ನಂಬಬಹುದಾದ ಮತ್ತೊಂದು ದಾರಿ ಸಿಕ್ಕಿತು.

ಮದರಾಸಿನ ಕಷ್ಟ ಇನ್ನೂ ಹೆಚ್ಚು. ಅಲ್ಲಿ ನದಿಯ ಆಸರೆಯೂ ಇರಲಿಲ್ಲ. ತೆರೆಗಳು ನೇರವಾಗಿ ದಡಕ್ಕೆ ಅಪ್ಪಳಿಸುತ್ತಿದ್ದವು. ಅಲ್ಲಿನ ಹಳೆಯ ಫೋಟೊಗಳಲ್ಲಿ ಕಾಣುವ ಮಸೂಲಾ ದೋಣಿಗಳಿಗೆ ಮೊಳೆಯೇ ಇಲ್ಲ. ಹಲಗೆಗಳನ್ನು ತೆಂಗಿನ ನಾರಿನ ಹಗ್ಗದಿಂದ ಹೊಲಿದಿರುವುದರಿಂದ ಅವು ತೆರೆಯ ಹೊಡೆತಕ್ಕೆ ಒಡೆಯದೆ ಬಾಗುತ್ತಿದ್ದವು. 1861ರಲ್ಲಿ ಅಲ್ಲಿ ಸುಮಾರು 1,100 ಅಡಿ ಉದ್ದದ ಧಕ್ಕೆ ಸಿದ್ಧವಾಯಿತು. ಅದರ ಕಂಬಗಳು ಮರದವಲ್ಲ, ಕಬ್ಬಿಣದವು. ಆದರೂ 1872ರ ಚಂಡಮಾರುತದಲ್ಲಿ ಅದಕ್ಕೆ ಹಾನಿಯಾಯಿತು. 1875ರಲ್ಲಿ ಶಂಕುಸ್ಥಾಪನೆಯಾದ ಅಲೆತಡೆ ಗೋಡೆಗಳನ್ನು 1881ರ ಚಂಡಮಾರುತ ಕೆಡವಿತು. ಅವುಗಳನ್ನು ಪುನಃ ಕಟ್ಟಬೇಕಾಯಿತು. ಕಟ್ಟುವುದು, ಬೀಳುವುದು, ಮತ್ತೆ ಕಟ್ಟುವುದು, ಇದೇ ಬಂದರುಗಳ ಇತಿಹಾಸ.

ಮಂಗಳೂರಿನ ಆಳದ ಸಮಸ್ಯೆಗೆ ಪರಿಹಾರ ದೊರೆತದ್ದು ಸ್ವಾತಂತ್ರ್ಯದ ನಂತರ. ಅಳಿವೆಯಿಂದ ಉತ್ತರಕ್ಕಿರುವ ಪಣಂಬೂರಿನಲ್ಲಿ ನೆಲವನ್ನು ತೋಡಿ ನವಮಂಗಳೂರು ಬಂದರನ್ನು ನಿರ್ಮಿಸಲಾಯಿತು. 1974ರಲ್ಲಿ ಅದು ದೇಶದ ಪ್ರಮುಖ ಬಂದರುಗಳ ಸಾಲಿಗೆ ಸೇರಿತು. 1975ರ ಜನವರಿಯಲ್ಲಿ ಪ್ರಧಾನಿ ಇಂದಿರಾ ಗಾಂಧಿಯವರು ಉದ್ಘಾಟಿಸಿದರು. ಹಳೆಯ ಬಂದರು ಮೀನುಗಾರರಿಗೂ ಲಕ್ಷದ್ವೀಪಕ್ಕೆ ಹೋಗುವ ಸರಕಿಗೂ ನೆಲೆಯಾಗಿ ಮುಂದುವರಿಯಿತು.

ಫೋಟೊಗಳಲ್ಲಿ ಕಾಣದಿರುವುದು

ಹಳೆಯ ಫೋಟೊಗಳ ಕೆಳಗೆ ಊರಿನ ಹೆಸರಿರುತ್ತದೆ, ಕಂಪನಿಯ ಹೆಸರಿರುತ್ತದೆ. ಹೊರೆ ಹೊತ್ತವನ, ಹುಟ್ಟು ಹಾಕಿದವನ ಹೆಸರು ಇರುವುದು ಬಹಳ ಅಪರೂಪ. ಮಂಗಳೂರಿನ ಬಂದರನ್ನು ತಮ್ಮ ದುಡಿಮೆಯಿಂದ ನಡೆಸಿದ ಬ್ಯಾರಿ, ಮೊಗವೀರ ಮೊದಲಾದ ಸಮುದಾಯಗಳ ಎಷ್ಟೋ ಜನರು ಇತಿಹಾಸದಲ್ಲಿ ಹೆಸರಿಲ್ಲದವರಾಗಿ ಉಳಿದಿದ್ದಾರೆ. ಹೈದರಲಿಯ ಹೆಸರನ್ನು ಪುಸ್ತಕ ಉಳಿಸಿತು. ಅವನ ನೌಕೆ ಕಟ್ಟಿದ ಬಡಗಿಯ ಹೆಸರನ್ನು ಯಾರೂ ಬರೆದಿಡಲಿಲ್ಲ.

ಪ್ರಿಯ ವಿದ್ಯಾರ್ಥಿಗಳೇ, ಈ ತಪ್ಪು ನಮ್ಮ ಊರಿನಲ್ಲಿಯೂ ನಡೆಯುತ್ತಿದೆ. ಮುಂಬಯಿಯಿಂದ ಜಿದ್ದಾಕ್ಕೆ ಹಜ್ ಯಾತ್ರಿಗಳ ಹಡಗು ಹೋಗುವುದು 1995ರಲ್ಲಿ ನಿಂತುಹೋಯಿತು. ಹಡಗಿನಲ್ಲಿ ಹೋಗಿಬಂದ ಹಿರಿಯರು ವರ್ಷದಿಂದ ವರ್ಷಕ್ಕೆ ಕಡಿಮೆಯಾಗುತ್ತಿದ್ದಾರೆ. ಮನೆಯ ಪೆಟ್ಟಿಗೆಯಲ್ಲಿ ಅವರ ಕಾಲದ ಫೋಟೊಗಳಿದ್ದರೆ ಈ ರಜೆಯಲ್ಲಿ ಹೊರಗೆ ತೆಗೆಯಿರಿ. ದಾದಾ, ದಾದಿ, ನಾನಾ, ನಾನಿಯರ ಬಳಿ ಕುಳಿತು ಇವರು ಯಾರು, ಯಾವ ಊರು, ಯಾವ ವರ್ಷ ಎಂದು ಕೇಳಿರಿ. ಕೇಳಿದ್ದನ್ನು ಮೃದುವಾದ ಪೆನ್ಸಿಲಿನಿಂದ ಫೋಟೊದ ಹಿಂದೆ ಬರೆಯಿರಿ; ಒಂದು ನೋಟ್‌ಬುಕ್ಕಿನಲ್ಲಿಯೂ ಬರೆದಿಡಿ. ಕನ್ನಡವಾಗಲಿ, ಉರ್ದುವಾಗಲಿ, ನಿಮಗೆ ಚೆನ್ನಾಗಿ ಬರುವ ಭಾಷೆಯಲ್ಲಿ ಬರೆದರೆ ಸಾಕು. ಕೇಳುವವರಿಗೆ ಉತ್ತರ ಹೇಳುವವರು ಇನ್ನೂ ಇರುವಾಗಲೇ ಈ ಕೆಲಸ ಆಗಬೇಕು.