ಕಾಣದ ಮೃಗವನ್ನು ಬರೆಯುವ ಬಗೆ

ಕಳೆದ ಬೇಸಗೆಯಲ್ಲಿ ಪಾಮನಕಲ್ಲೂರಿನ ನಮ್ಮ ತಂಗಿಯ ಮನೆಗೆ ಹೋಗಿದ್ದಾಗ ಒಂದು ಸಣ್ಣ ಪ್ರಸಂಗವು ನಡೆಯಿತು. ನಡುಹಗಲ ಬಿಸಿಲಿಗೆ ಬಾಗಿಲನ್ನು ಮುಂದೆ ಮಾಡಿಕೊಂಡು ಎಲ್ಲರೂ ಪಡಸಾಲೆಯಲ್ಲಿ ಒರಗಿದ್ದೆವು. ಹದಿಮೂರು ವರ್ಷದ ಸೋದರಸೊಸೆಯೊಬ್ಬಳು ಮಾತ್ರ ಕಂಬಕ್ಕೆ ಬೆನ್ನು ಕೊಟ್ಟು ಕುಳಿತು, ಪಾಟಿಯಂತಹ ಟ್ಯಾಬ್ಲೆಟ್ ಯಂತ್ರವನ್ನು ತೊಡೆಯ ಮೇಲಿಟ್ಟುಕೊಂಡು, ಮಸಿಯಿಲ್ಲದ ಲೇಖನಿಯಿಂದ ಅದರ ಗಾಜಿನ ಮೇಲೆ ಏನನ್ನೋ ತಿದ್ದುತ್ತಿದ್ದಳು. ಇಣುಕಿ ನೋಡಿದೆನು. ನೀಳವಾದ ಕತ್ತಿನ, ಆನೆಗಾಲಿನ, ಗುಡ್ಡದಂತಹ ಮೃಗವೊಂದು ಕೊಡೆ ಹಿಡಿದು ಮಳೆಯಲ್ಲಿ ನಿಂತಿದ್ದಿತು. ಇದೇನೆಂದು ಕೇಳಲಾಗಿ, ತಾನೂ ತನ್ನ ಗೆಳತಿಯರೂ ವಾರಕ್ಕೊಂದು ಮಾತನ್ನು ಆರಿಸಿಕೊಂಡು ಅದಕ್ಕೆ ತಕ್ಕ ಚಿತ್ರವನ್ನು ಬರೆಯುವ ನೇಮವನ್ನಿಟ್ಟುಕೊಂಡಿರುವುದಾಗಿಯೂ, ಆ ವಾರದ ಮಾತು 'ಕೊಡೆ' ಎಂದಿದ್ದುದಾಗಿಯೂ, ಮಾತು ಯಾವುದೇ ಬರಲಿ ತಾನು ಮಾತ್ರ ಅದರಲ್ಲಿ ಒಂದು ಡೈನೋಸಾರನ್ನು ಸೇರಿಸದೆ ಬಿಡುವುದಿಲ್ಲವೆಂದೂ ಹೇಳಿದಳು. ಬಳಿಕ ಲೇಖನಿಯನ್ನು ತಡೆದು, "ಮಾಮಾ, ಈ ಪ್ರಾಣಿ ನಮ್ಮೂರಾಗ ಇತ್ತೇನ್ರಿ?" ಎಂದು ಕೇಳಿದಳು.

ನನಗೆ ಕೂಡಲೆ ಉತ್ತರವು ಹೊಳೆಯಲಿಲ್ಲ. ಈ ಲೇಖನವು ಆ ಪ್ರಶ್ನೆಗೆ ತಡವಾಗಿ ಕೊಟ್ಟ ಉತ್ತರವೆಂದು ವಾಚಕರು ಭಾವಿಸಬೇಕಾಗಿ ವಿನಂತಿ.

ಮೊದಲು ಆ ವಾರದ ಮಾತಿನ ವಿಚಾರ. ಮಾತನ್ನು ಕೊಟ್ಟು ಕೃತಿಯನ್ನು ಬೇಡುವ ಪದ್ಧತಿಯು ನಮಗೇನೂ ಹೊಸದಲ್ಲ. ಅವಧಾನ ಕಲೆಯಲ್ಲಿ ದತ್ತಪದಿಯೆಂಬುದೊಂದಿದೆ. ಪೃಚ್ಛಕನು ಒಂದಕ್ಕೊಂದು ಸಂಬಂಧವಿಲ್ಲದ ಕೆಲವು ಪದಗಳನ್ನು ಕೊಡುವನು; ಅವೆಲ್ಲವನ್ನೂ ಅಡಕಮಾಡಿ ಅವಧಾನಿಯು ಪದ್ಯವನ್ನು ಹೊಸೆಯಬೇಕು. ಸಮಸ್ಯಾಪೂರಣದಲ್ಲಿಯಾದರೋ ಅರ್ಥಕ್ಕೆ ಒಗ್ಗದಂತಹ ಕಡೆಯ ಸಾಲೊಂದನ್ನೇ ಮುಂದಿಟ್ಟು, ಉಳಿದ ಸಾಲುಗಳಿಂದ ಅದಕ್ಕೆ ಅರ್ಥ ಬರಿಸೆಂದು ಕೇಳುವರು. ಕನ್ನಡದಲ್ಲಿ ಈ ಕಲೆಯನ್ನು ಮತ್ತೆ ತಲೆಯೆತ್ತಿಸಿದ ಶತಾವಧಾನಿ ಆರ್. ಗಣೇಶರ ಸಭೆಗಳನ್ನು ಕಂಡವರಿಗೆ ಇದನ್ನು ವಿವರಿಸಬೇಕಾದುದಿಲ್ಲ. ಮೇಲುನೋಟಕ್ಕೆ ಇದು ಕವಿಗೆ ಬಿಗಿದ ಕಟ್ಟು. ಆದರೆ 'ಏನನ್ನಾದರೂ ಬರೆ' ಎಂದರೆ ಓಡದ ಕೈಯು 'ಇದನ್ನು ಬರೆ' ಎಂದ ಕೂಡಲೆ ಓಡುವುದನ್ನು ಶಾಲೆಯಲ್ಲಿ ಪ್ರಬಂಧ ಬರೆದವರೆಲ್ಲರೂ ಬಲ್ಲರು. ಅಮೇರಿಕೆಯ ಚಿತ್ರಕಾರನಾದ ಜೇಕ್ ಪಾರ್ಕರ್ ಎಂಬವನು 2009ರಲ್ಲಿ ತನ್ನ ಕೈ ಪಳಗಲೆಂದು ಅಕ್ಟೋಬರ್ ತಿಂಗಳಿನ ಪ್ರತಿದಿನವೂ ಒಂದು ಮಸಿಯ ಚಿತ್ರವನ್ನು ಬರೆಯುವ ವ್ರತವನ್ನು ಹಿಡಿದನು. ಅದು 'ಇಂಕ್‌ಟೋಬರ್' ಎಂಬ ಹೆಸರಿನಿಂದ ಲೋಕವೆಲ್ಲ ಹಬ್ಬಿ, ದಿನಕ್ಕೊಂದು ಮಾತು, ವಾರಕ್ಕೊಂದು ಮಾತು ಎಂದು ಹಲವು ಬಗೆಯಾಯಿತು. ನಮ್ಮ ಹುಡುಗಿಯರ ನೇಮವೂ ಆ ಬಳ್ಳಿಯ ಒಂದು ಕುಡಿ. ದತ್ತಪದಿಯ ಮನೆತನದವರಿಗೆ ಅದು ನೆಂಟರ ಕೂಸಿನಂತೆ ಕಂಡರೆ ಅಚ್ಚರಿಯಿಲ್ಲ.

ಇನ್ನು ಮೃಗದ ವಿಚಾರಕ್ಕೆ ಬರೋಣ. ಕೃಷ್ಣಾ ತುಂಗಭದ್ರೆಗಳ ನಡುವಣ ನಮ್ಮ ಈ ಸೀಮೆಯಲ್ಲಿ ಮೃಗಗಳ ಚಿತ್ರವನ್ನು ಬರೆಯುವ ರೂಢಿಯು ಬಹು ಪ್ರಾಚೀನವಾದುದು. ಮಸ್ಕಿ ಎಂದೊಡನೆ ನಮ್ಮವರು 1915ರಲ್ಲಿ ಗಣಿಯ ಇಂಜಿನಿಯರ್ ಬೀಡನ್ ಎಂಬವನು ಕಂಡುಹಿಡಿದ ಅಶೋಕನ ಶಾಸನವನ್ನು ನೆನೆಯುವರು. ದೇವಾನಾಂಪ್ರಿಯನೆಂದರೆ ಅಶೋಕನೇ ಎಂಬುದನ್ನು ಸ್ಥಿರಪಡಿಸಿದ ಆ ಬಂಡೆಯನ್ನು ನೆನೆಯುವುದು ಯುಕ್ತವೇ ಸರಿ. ಆದರೆ ಅಕ್ಷರವು ಬರುವುದಕ್ಕೆ ಎಷ್ಟೋ ಶತಮಾನಗಳ ಮುಂಚೆಯೇ ಇಲ್ಲಿಯ ಬಂಡೆಗಳ ಮೇಲೆ ಚಿತ್ರಗಳು ಮೂಡಿದ್ದವು. ಲಿಂಗಸುಗೂರು ತಾಲೂಕಿನ ಮುದಗಲ್ಲಿನ ಬಳಿಯ ಪಿಕ್ಲಿಹಾಳದಲ್ಲಿ ಅಗೆದು ನೋಡಿದ ಆಲ್‌ಚಿನ್ ಪಂಡಿತನ ಗ್ರಂಥವು 1960ರಲ್ಲಿ ಪ್ರಕಟವಾಯಿತು. ಅಲ್ಲಿಯ ಕಲ್ಲುಗಳ ಮೇಲೆ ಬಣ್ಣದಿಂದ ಬರೆದ ಚಿತ್ರಗಳೂ ಕಲ್ಲಿನಿಂದ ಕುಟ್ಟಿ ಮೂಡಿಸಿದ ಚಿತ್ರಗಳೂ ಇವೆ. ಬಳ್ಳಾರಿಯ ಸಂಗನಕಲ್ಲು ಕುಪ್ಪಗಲ್ಲುಗಳ ಗುಡ್ಡದಲ್ಲಿಯೂ ಅಂತಹವೇ ನೂರಾರು. ಫಾಸೆಟ್ ಎಂಬವನು 1892ರಲ್ಲಿಯೇ ಅವುಗಳನ್ನು ಕುರಿತು ಬರೆದನು. ಎಲ್ಲಿ ನೋಡಿದರೂ ಎತ್ತು ಗೂಳಿಗಳೇ ಹೆಚ್ಚು. ನೀಳವಾದ ಕೊಂಬು, ಎದ್ದು ನಿಂತ ಇಣಿ. ದನಗಳನ್ನು ಸಾಕಿ ಬಾಳಿದ ಜನರು ದಿನವೂ ಕಂಡ ಪ್ರಾಣಿಯನ್ನೇ ಬರೆದರು. ಆ ಗೂಳಿಯ ಬೆನ್ನಿನ ಗೆರೆಯಲ್ಲಿ ಅಂಜಿಕೆಯಿಲ್ಲ. ಬರೆದವನಿಗೆ ಪ್ರಾಣಿಯ ಮೈ ಕಂಠಪಾಠವಾಗಿದ್ದಿತು.

ಕಾಣದ ಮೃಗವನ್ನು ಬರೆಯುವ ಸಾಹಸವು ತಡವಾಗಿ ಬಂದುದು. 1112ರ ಇಟಗಿಯ ಮಹಾದೇವ ದೇವಾಲಯದಂತಹ ಗುಡಿಗಳಲ್ಲಿ ಮಕರವು ಆನೆಯ ಸೊಂಡಿಲನ್ನೂ ನವಿಲಿನಂತಹ ಬಾಲವನ್ನೂ ತಳೆದು ಬಾಯ್ದೆರೆದಿರುವುದನ್ನು ನೋಡಬಹುದು. ಶಿಲ್ಪಿಯು ಮಕರವನ್ನು ಕಂಡವನಲ್ಲ, ಕಾಣಬೇಕಾಗಿಯೂ ಇರಲಿಲ್ಲ. ಶಾಸ್ತ್ರವೂ ಗುರುವೂ ಹೇಳಿದಂತೆ ಕೆತ್ತಿದರೆ ಸಾಕಾಗಿದ್ದಿತು. ಇವನು ತಪ್ಪಿದನೆಂದು ಸಾಕ್ಷಿ ನುಡಿಯಲು ಯಾವ ಮೂಳೆಯೂ ಮಣ್ಣಿನಿಂದ ಏಳುವಂತಿರಲಿಲ್ಲ.

ಡೈನೋಸಾರನ್ನು ಬರೆಯುವವನ ಪಾಡು ಹಾಗಲ್ಲ. ಅವನು ಕಾಣದುದನ್ನೇ ಬರೆಯಬೇಕು, ಆದರೂ ಮೂಳೆಗೆ ಲೆಕ್ಕ ಒಪ್ಪಿಸಬೇಕು. ಇಂಗ್ಲೆಂಡಿನ ಭೂಶಾಸ್ತ್ರಜ್ಞನಾದ ದೆ ಲಾ ಬೆಷ್ ಎಂಬವನು 1830ರಲ್ಲಿ, ಮೇರಿ ಆನಿಂಗ್ ಎಂಬ ಬಡ ಹೆಣ್ಣುಮಗಳು ಕಡಲ ದಂಡೆಯಲ್ಲಿ ಅಗೆದು ತೆಗೆದಿದ್ದ ಎಲುಬುಗಳನ್ನು ಆಧರಿಸಿ, ಪುರಾತನ ಸಮುದ್ರವೊಂದರಲ್ಲಿ ಜಲಸರೀಸೃಪಗಳು ಒಂದನ್ನೊಂದು ನುಂಗುವ ಚಿತ್ರವನ್ನು ಬರೆದನು. ಅದರ ಅಚ್ಚಿನ ಪ್ರತಿಗಳನ್ನು ಮಾರಿ ಬಂದ ಹಣವನ್ನು ಅವಳಿಗೇ ಕೊಡಿಸಿದನೆಂಬುದು ಚಿತ್ರಕ್ಕಿಂತಲೂ ಮೆಚ್ಚತಕ್ಕ ಸಂಗತಿ. 'ಡೈನೋಸಾರ್', ಎಂದರೆ ಭಯಂಕರವಾದ ಹಲ್ಲಿ, ಎಂಬ ಹೆಸರನ್ನು ರಿಚರ್ಡ್ ಓವೆನ್ ಕೊಟ್ಟುದು 1842ರಲ್ಲಿ. ಅನಂತರ ಹಾಕಿನ್ಸ್ ಎಂಬ ಶಿಲ್ಪಿಯು ಲಂಡನ್ನಿನ ಕ್ರಿಸ್ಟಲ್ ಪ್ಯಾಲೆಸ್ಸಿನ ಉದ್ಯಾನಕ್ಕಾಗಿ ಈ ಮೃಗಗಳ ಜೀವಪ್ರಮಾಣದ ಮೂರ್ತಿಗಳನ್ನು ನಿರ್ಮಿಸಿದನು. 1853ರ ಡಿಸೆಂಬರ್ 31ರ ರಾತ್ರಿ ಇಗ್ವಾನೊಡಾನ್ ಎಂಬ ಮೃಗದ ಅಚ್ಚಿನೊಳಗೆ ಪಂಡಿತರನ್ನು ಕುಳ್ಳಿರಿಸಿ ಔತಣವನ್ನೂ ಬಡಿಸಿದನು. ಆ ಮೃಗದ ಮೂಗಿನ ಮೇಲೆ ಖಡ್ಗಮೃಗಕ್ಕಿರುವಂತೆ ಒಂದು ಕೊಂಬು. ಅಗೆದಾಗ ದೊರೆತ ಮೊನಚು ಮೂಳೆಯೊಂದನ್ನು ಎಲ್ಲಿ ಇಡಬೇಕೆಂದು ತಿಳಿಯದೆ ಮೊದಲ ಪಂಡಿತರು ಮೂಗಿನ ಮೇಲಿಟ್ಟಿದ್ದರು. 1878ರಲ್ಲಿ ಬೆಲ್ಜಿಯಮ್ ದೇಶದ ಬೆರ್ನಿಸಾರಿನ ಕಲ್ಲಿದ್ದಲ ಗಣಿಯಲ್ಲಿ ಅದೇ ಜಾತಿಯ ಇಡಿಯಿಡಿಯಾದ ಅಸ್ಥಿಪಂಜರಗಳು ದೊರೆತ ಮೇಲೆ, ಅದು ಮೂಗಿನ ಕೊಂಬಲ್ಲ, ಕೈಯ ಹೆಬ್ಬೆರಳಿನ ಮೊನೆಯೆಂದು ತಿಳಿದುಬಂದಿತು! ಕ್ರಿಸ್ಟಲ್ ಪ್ಯಾಲೆಸ್ಸು 1936ರಲ್ಲಿ ಸುಟ್ಟು ಬೂದಿಯಾಯಿತು. ಉದ್ಯಾನದಲ್ಲಿ ಆ ಮೂರ್ತಿಯು ಮಾತ್ರ ಹೆಬ್ಬೆರಳನ್ನು ಮೂಗಿನ ಮೇಲೆ ಹೊತ್ತುಕೊಂಡು ಇಂದಿಗೂ ನಿಂತಿದೆ.

ಅದನ್ನು ನೋಡಿ ನಗುವವರಿದ್ದಾರೆ. ನನಗೆ ನಗೆ ಬರುವುದಿಲ್ಲ. ಹಾಕಿನ್ಸನು ತನ್ನ ಕಾಲಕ್ಕೆ ತಿಳಿದುದನ್ನು ಮುಚ್ಚದೆ ಮೂರ್ತಿಗಿಳಿಸಿದುದರಿಂದಲೇ ತಪ್ಪು ಎಲ್ಲಿದೆಯೆಂದು ಮುಂದಿನವರು ಬೆರಳಿಟ್ಟು ತೋರಿಸುವುದು ಸಾಧ್ಯವಾಯಿತು. ಮುಂದೆಯೂ ಹೀಗೆಯೇ ನಡೆಯಿತು. ರುಡಾಲ್ಫ್ ಜಾಲಿಂಗರ್ ಎಂಬವನು 1943ರಿಂದ 1947ರ ವರೆಗೆ ಯೇಲ್ ವಿಶ್ವವಿದ್ಯಾಲಯದ ವಸ್ತುಸಂಗ್ರಹಾಲಯದ ಗೋಡೆಯ ಮೇಲೆ 110 ಅಡಿ ಉದ್ದದ ಚಿತ್ರವನ್ನು ಬರೆದನು. ಅದರಲ್ಲಿ ಈ ಮೃಗಗಳು ಬಾಲವನ್ನು ನೆಲಕ್ಕೆ ಎಳೆಯುತ್ತ ಜಡವಾಗಿ ನಿಂತಿವೆ. 1969ರಲ್ಲಿ ಅದೇ ಯೇಲಿನ ಆಸ್ಟ್ರಮ್ ಪಂಡಿತನು ಡೈನೊನೈಕಸ್ ಎಂಬುದನ್ನು ವರ್ಣಿಸಿದಾಗ, ಅವನ ಶಿಷ್ಯನಾದ ಬ್ಯಾಕರ್ ಬರೆದ ಚಿತ್ರದಲ್ಲಿ ಮೃಗವು ಬಾಲವನ್ನು ನೆಟ್ಟಗೆ ಚಾಚಿಕೊಂಡು ಓಡತೊಡಗಿತು. 1996ರಲ್ಲಿ ಚೀನದಿಂದ ತುಪ್ಪುಳದಂತಹ ಹೊದಿಕೆಯುಳ್ಳ ಡೈನೋಸಾರಿನ ಸುದ್ದಿಯು ಬಂದಿತು. 2010ರಲ್ಲಿ ಆ ತುಪ್ಪುಳದೊಳಗಿನ ಬಣ್ಣದ ಕಣಗಳನ್ನು ಪರೀಕ್ಷಿಸಿ, ಅದರ ಬಾಲದ ಮೇಲೆ ಕೆಂಗಂದು ಪಟ್ಟೆಗಳಿದ್ದವೆಂದು ಹೇಳುವ ಮಟ್ಟಿಗೆ ವಿದ್ಯೆಯು ಬೆಳೆಯಿತು. ನಮ್ಮ ಜಾತ್ರೆಯ ಅಂಗಡಿಗಳಲ್ಲಿ ಮಾರುವ ಆಟಿಕೆಗಳು ಮಾತ್ರ ಇನ್ನೂ ಬಾಲವನ್ನು ಎಳೆಯುತ್ತಲೇ ಇವೆ.

ಹಾಗಾದರೆ ಹುಡುಗಿಯ ಪ್ರಶ್ನೆಗೆ ಉತ್ತರವೇನು? ಪಾಮನಕಲ್ಲೂರಿನ ನೆಲದಲ್ಲಿ ಡೈನೋಸಾರಿನ ಎಲುಬು ದೊರೆಯಲಾರದು. ಹಟ್ಟಿ ಮಸ್ಕಿಗಳ ಸುತ್ತಣ ಬಂಡೆಗಳು 250 ಕೋಟಿ ವರ್ಷಗಳಷ್ಟು ಹಳೆಯವು. ಆ ಮೃಗಗಳಾದರೋ ಸುಮಾರು 23 ಕೋಟಿ ವರ್ಷಗಳ ಹಿಂದೆ ತೋರಿ 6.6 ಕೋಟಿ ವರ್ಷಗಳ ಹಿಂದೆ ಅಳಿದವು. ಅವು ಈ ಬಂಡೆಗಳ ಮೇಲೆ ನಡೆದಿರಲಾರವೆಂದಲ್ಲ. ನಡೆದ ಹೆಜ್ಜೆಯನ್ನೂ ಬಿದ್ದ ಮೂಳೆಯನ್ನೂ ಮುಚ್ಚಿ ಕಾಪಾಡಲು ಕೆಸರೂ ಮರಳೂ ಪದರು ಪದರಾಗಿ ಕೂಡಬೇಕು. ಆ ಕಾಲದ ಅಂತಹ ಪದರುಗಲ್ಲು ನಮ್ಮಲ್ಲಿ ಉಳಿದಿಲ್ಲ.

ಆದರೆ ಅದು ಗೋದಾವರಿಯ ಕಣಿವೆಯಲ್ಲಿದೆ. ಅದೇನು ನಮಗೆ ಹೊರನಾಡೇ? 1956ರ ರಾಜ್ಯ ವಿಂಗಡಣೆಯ ವರೆಗೆ ರಾಯಚೂರೂ ಅದಿಲಾಬಾದೂ ಒಂದೇ ಹೈದರಾಬಾದು ಸಂಸ್ಥಾನದ ಜಿಲ್ಲೆಗಳಾಗಿದ್ದವು. ಆ ಕಣಿವೆಯಲ್ಲಿ 1960ರ ಸುಮಾರಿಗೆ ಕಲಕತ್ತೆಯ ಇಂಡಿಯನ್ ಸ್ಟಾಟಿಸ್ಟಿಕಲ್ ಇನ್‌ಸ್ಟಿಟ್ಯೂಟಿನ ಪಂಡಿತರು ಸುಮಾರು 300 ಎಲುಬುಗಳನ್ನು ಅಗೆದು ತೆಗೆದರು. ಲೆಕ್ಕದ ಶಾಸ್ತ್ರಕ್ಕೆಂದು ಹುಟ್ಟಿದ ಸಂಸ್ಥೆಯು ಎಲುಬಿನ ಕೆಲಸಕ್ಕೆ ಕೈಯಿಕ್ಕಿದುದು ಅದರ ಸಂಸ್ಥಾಪಕರಾದ ಮಹಾಲನೋಬಿಸರ ದೊಡ್ಡ ಮನಸ್ಸಿನ ಫಲ. ತೊಡೆಯ ಮೂಳೆಯೊಂದೇ ಐದು ಅಡಿಗೆ ಮೀರಿದ್ದುದರಿಂದ ಬಂಗಾಲಿಯಲ್ಲಿ ದೊಡ್ಡ ಕಾಲೆಂಬ ಅರ್ಥ ಬರುವಂತೆಯೂ, 1961ರ ರವೀಂದ್ರರ ಜನ್ಮಶತಾಬ್ದಿಯ ನೆನಪಿಗಾಗಿಯೂ, 1975ರಲ್ಲಿ ಅದಕ್ಕೆ 'ಬರಾಪಾಸಾರಸ್ ಟಾಗೋರಿ' ಎಂದು ಹೆಸರಿಟ್ಟರು. ಅದಿಲಾಬಾದು ಜಿಲ್ಲೆಯ ಯಾಮನಪಲ್ಲಿಯ ಬಳಿ ದೊರೆತ ಇನ್ನೊಂದಕ್ಕೆ ಭಾರತೀಯ ಭೂವೈಜ್ಞಾನಿಕ ಇಲಾಖೆಯ ಯಾದಗಿರಿಯವರು 1988ರಲ್ಲಿ 'ಕೋಟಾಸಾರಸ್' ಎಂದು ಹೆಸರು ಕೊಟ್ಟರು. ಅದರ ಅಸ್ಥಿಪಂಜರವನ್ನು ಹೈದರಾಬಾದಿನ ಬಿರ್ಲಾ ವಿಜ್ಞಾನ ಸಂಗ್ರಹಾಲಯದಲ್ಲಿ ನಿಲ್ಲಿಸಿರುವರು. ಎರಡೂ ನೀಳಕತ್ತಿನ ಸಸ್ಯಾಹಾರಿಗಳು.

ಇಲ್ಲೊಂದು ಸ್ವಾರಸ್ಯವಿದೆ. ಈ ಎರಡು ಮೃಗಗಳಿಗೂ ಹಲ್ಲುಗಳು ದೊರೆತಿವೆ, ತಲೆ ದೊರೆತಿಲ್ಲ. ಸಂಗ್ರಹಾಲಯದಲ್ಲಿ ಕಾಣುವ ತಲೆಯು ಅವುಗಳ ದಾಯಾದಿಗಳ ತಲೆಯನ್ನು ನೋಡಿ ಊಹಿಸಿ ಮಾಡಿದುದು. ಎಂದ ಬಳಿಕ ದಖ್ಖನಿನ ಈ ಮೃಗದ ಮುಖವನ್ನು ಬರೆಯುವವರು ಯಾರೇ ಆಗಲಿ, ಪಾಮನಕಲ್ಲೂರಿನ ಹದಿಮೂರು ವರ್ಷದ ಹುಡುಗಿಯಾಗಲಿ, ಕಲಕತ್ತೆಯ ಪಂಡಿತನಾಗಲಿ, ಇಬ್ಬರೂ ಕಾಣದ ಮುಖವನ್ನೇ ಬರೆಯಬೇಕು. ಅಮೇರಿಕೆಯ ಟಿರಾನೊಸಾರಸ್ಸನ್ನು ಸಾವಿರ ಕೈಗಳು ತಿದ್ದಿ ತಿದ್ದಿ ಸವೆಯಿಸಿವೆ. ನಮ್ಮ ಮಕ್ಕಳು ಅದನ್ನೇ ಮತ್ತೆ ನಕಲುಮಾಡುವರು. ಬರೆಯುವವರಿಲ್ಲದೆ ಕಾಯುತ್ತಿರುವ ಮುಖವು ಇಲ್ಲಿಯೇ ನೆರೆಯಲ್ಲಿದೆ.

ಟ್ಯಾಬ್ಲೆಟ್ಟಿನ ಚಿತ್ರವಿಧಾನವು ಈ ಕೆಲಸಕ್ಕೆ ಹೇಳಿ ಮಾಡಿಸಿದಂತಿದೆ ಎಂಬುದನ್ನು ಆ ದಿನವೇ ಕಂಡುಕೊಂಡೆನು. 1963ರಲ್ಲಿ ಅಮೇರಿಕೆಯ ಸದರ್ಲೆಂಡ್ ಎಂಬವನು ಬೆಳಕಿನ ಲೇಖನಿಯಿಂದ ಕಂಪ್ಯೂಟರಿನ ಪರದೆಯ ಮೇಲೆ ಗೆರೆಯೆಳೆದು ತೋರಿಸಿದ ವಿದ್ಯೆಯು ಈಗ ಮಕ್ಕಳ ತೊಡೆಯ ಮೇಲೆ ಬಂದಿದೆ. ಚಿತ್ರವನ್ನು ಒಂದರ ಮೇಲೊಂದಾದ ಪಾರದರ್ಶಕ ಪದರಗಳಲ್ಲಿ ಬರೆಯಬಹುದು. ಕೆಳಗಿನ ಪದರದಲ್ಲಿ ಮೂಳೆ, ಅದರ ಮೇಲೆ ಮಾಂಸಖಂಡ, ಅದರ ಮೇಲೆ ತೊಗಲು, ಎಲ್ಲಕ್ಕೂ ಮೇಲೆ ಬಣ್ಣ. ನಾಳೆ ತಲೆಬುರುಡೆಯು ದೊರೆತರೆ ತಲೆಯೊಂದನ್ನೇ ತೆಗೆದು ತಿದ್ದಬಹುದು. ಹಾಕಿನ್ಸನ ಮೂರ್ತಿಯಂತೆ ತಪ್ಪನ್ನು ಹೊತ್ತು ನಿಲ್ಲಬೇಕಾಗಿಲ್ಲ.

ಬಂಡೆಯ ಮೇಲೆ ಕುಟ್ಟಿದವನಿಗೆ ಈ ಸೌಕರ್ಯವಿರಲಿಲ್ಲ. ಹಳೆಯ ಗೂಳಿಯ ಮೇಲೆಯೇ ಹೊಸ ಗೂಳಿಯನ್ನು ಕುಟ್ಟಿರುವುದನ್ನು ಕಾಣುತ್ತೇವೆ. ಆದರೆ ಅವನ ಗೆರೆಗೆ ಬಂದಿರುವ ಅಪಾಯವು ಬೇರೆ. ಕುಪ್ಪಗಲ್ಲಿನ ಚಿತ್ರಗಳನ್ನೂ ಬಡಿದರೆ ನಾದಗೊಡುವ ಅಲ್ಲಿಯ ಕಲ್ಲುಗಳನ್ನೂ ಕುರಿತು ನಿಕೋಲ್ ಬೊಯ್ವಿನ್ ಎಂಬ ವಿದುಷಿಯು 2004ರಲ್ಲಿ ಬರೆದಾಗ, ಕಲ್ಲುಗಣಿಯಿಂದ ಅವು ನಾಶವಾಗುವ ಭಯವನ್ನೂ ತಿಳಿಸಿದ್ದಳು. ಮೂರು ನಾಲ್ಕು ಸಾವಿರ ವರ್ಷ ಬಿಸಿಲು ಮಳೆಗಳನ್ನು ತಡೆದ ಗೂಳಿಯು ಮದ್ದಿನ ಒಂದು ಸಿಡಿತಕ್ಕೆ ಜಲ್ಲಿಯಾಗಬಹುದು. ಅಂತಹ ಬಂಡೆಯ ಪಕ್ಕದಲ್ಲಿ ವಾಸಿಸುವ ನಮ್ಮಲ್ಲಿ ಎಷ್ಟು ಮಂದಿ ಮಕ್ಕಳನ್ನು ಕರೆದೊಯ್ದು ಅದನ್ನು ತೋರಿಸಿದ್ದೇವೆ? ನಾನೂ ತೋರಿಸಿರಲಿಲ್ಲ. ಆ ಬೇಸಗೆಯ ರಜೆ ಮುಗಿಯುವುದರೊಳಗೆ ಸೊಸೆಯನ್ನು ಪಿಕ್ಲಿಹಾಳಕ್ಕೆ ಕರೆದುಕೊಂಡು ಹೋದೆನು. ಅವಳು ಗೂಳಿಯೊಂದರ ಮುಂದೆ ಬಹಳ ಹೊತ್ತು ನಿಂತು, ಬೆರಳಿನಿಂದ ಗಾಳಿಯಲ್ಲಿಯೇ ಅದರ ಬೆನ್ನಿನ ಗೆರೆಯನ್ನು ಎಳೆದು ನೋಡಿದಳು.

ಮೊನ್ನೆ ದೀಪಾವಳಿಗೆ ಹೋದಾಗ ವಾರದ ಮಾತು 'ನೆರಳು' ಎಂದಿದ್ದಿತು. ಹುಡುಗಿಯು ಈ ಸಾರಿ ಕೋಟಾಸಾರಸ್ಸನ್ನೇ ಬರೆದಿದ್ದಳು. ಮುಖವನ್ನು ದನದ ಮುಖದಂತೆ ಸೌಮ್ಯವಾಗಿ ತಿದ್ದಿದ್ದಳು. ಅದನ್ನು ಅಲ್ಲವೆನ್ನಲು ನಾನಾಗಲಿ ಇನ್ನಾರಾಗಲಿ ಶಕ್ತರಲ್ಲ. ಮೃಗವು ಬೇವಿನ ಮರದ ಕೆಳಗೆ, ಹಸುರು ಹುಲ್ಲಿನ ಮೇಲೆ, ಕುರಿಗಳ ನಡುವೆ ನಿಂತಿದ್ದಿತು. ಇಲ್ಲಿ ಮಾತ್ರ ಹಿರಿಯತನವನ್ನು ತೋರಿಸಬೇಕಾಯಿತು. ಡೈನೋಸಾರಿನ ಜೊತೆಗೆ ಹುಲ್ಲನ್ನು ಬರೆಯಲಾಗದೆಂದು ಪಂಡಿತರು ಬಹುಕಾಲ ಹೇಳುತ್ತಿದ್ದುದನ್ನೂ, ಮಹಾರಾಷ್ಟ್ರದ ಪಿಸ್ದುರಾದಲ್ಲಿ ದೊರೆತ ಕಲ್ಲಾದ ಲದ್ದಿಯಲ್ಲಿ ಹುಲ್ಲಿನ ಕಣಗಳನ್ನು ವಂದನಾ ಪ್ರಸಾದರೂ ಅವರ ಸಂಗಡಿಗರೂ 2005ರಲ್ಲಿ ತೋರಿಸಿ ಆ ಮಾತನ್ನು ತಿದ್ದಿಸಿದುದನ್ನೂ, ಆದರೆ ಆ ಲದ್ದಿಯ ಮೃಗಗಳು ಅಳಿವಿನ ಅಂಚಿನ ಕಾಲದವಾದುದರಿಂದ ಅವಕ್ಕಿಂತ ಹತ್ತು ಕೋಟಿ ವರ್ಷ ಹಿಂದಣ ಕೋಟಾಸಾರಸ್ಸಿಗೆ ಹುಲ್ಲಿನ ಯೋಗವಿಲ್ಲವೆಂಬುದನ್ನೂ ವಿವರಿಸಿದೆನು. ಬೇವಿಗೂ ಕುರಿಗೂ ಅದೇ ನ್ಯಾಯವೆಂದೆನು.

ಅವಳು ಎಲ್ಲವನ್ನೂ ಕೇಳಿ, ಒಂದು ಪದರವನ್ನು ಮುಟ್ಟಿ ಹುಲ್ಲನ್ನು ಅಳಿಸಿದಳು. ಕುರಿಗಳನ್ನೂ ಅಳಿಸಿದಳು. ಲೇಖನಿಯು ಮರದ ಮೇಲೆ ಬಂದು ನಿಂತಿತು.

"ಬೇವಿನ ಗಿಡ ಇರ್ಲಿ ಬಿಡ್ರಿ ಮಾಮಾ," ಎಂದಳು. "ಅದಕ್ಕ ಬಿಸಲು ಬಾಳ ಐತಿ."