ಕೀಲಿಕೈಯ ಕಾವಲು

ಬಿಟ್‌ಕಾಯಿನ್ ಉಳ್ಳವನ ಕೈಯಲ್ಲಿ ವಸ್ತುತಃ ಯಾವ ನಾಣ್ಯವೂ ಇರುವುದಿಲ್ಲ. ನಾಣ್ಯದ ಲೆಕ್ಕವೆಲ್ಲ ನಾನಾ ದೇಶಗಳ ಸಹಸ್ರಾರು ಕಂಪ್ಯೂಟರುಗಳಲ್ಲಿ ಬಹಿರಂಗವಾಗಿಯೇ ಬರೆದಿರಲಾಗಿ, ಆತನ ಸ್ವಾಧೀನದಲ್ಲಿರತಕ್ಕದ್ದು ತನ್ನ ಪಾಲನ್ನು ಮತ್ತೊಬ್ಬನಿಗೆ ದಾಟಿಸುವ ಆಜ್ಞೆಗೆ ಸಹಿ ಹಾಕಬಲ್ಲ ಒಂದು ಗುಪ್ತಸಂಖ್ಯೆ ಮಾತ್ರ. ಪ್ರೈವೇಟ್ ಕೀ ಎನಿಸಿಕೊಂಡ ಆ ಸಂಖ್ಯೆ ಯಾರ ಕೈಸೇರಿತೋ ಅವನೇ ಒಡೆಯ. ಮೊರೆಯಿಡಲು ಬ್ಯಾಂಕಿಲ್ಲ, ತಡೆಹಿಡಿಯಲು ಚೆಕ್ಕಿಲ್ಲ. 2009ರ ಜನವರಿ 3ರಂದು ಆ ಲೆಕ್ಕದ ಮೊದಲ ಪುಟ, ಅಂದರೆ ಮೊದಲ ಬ್ಲಾಕ್, ರಚಿತವಾದಂದಿನಿಂದ ಈ ಸಂಖ್ಯೆಯನ್ನು ಕಾಯುವ ವಿದ್ಯೆ ನಡೆದುಬಂದ ದಾರಿಯನ್ನು ಪರಿಶೀಲಿಸಿದರೆ, ಇಂದು ಹಾರ್ಡ್‌ವೇರ್ ವ್ಯಾಲೆಟ್ ಕೊಳ್ಳಹೊರಟವನಿಗೆ ಹಿರಿಯರು ಹೇಳುವ ಒಂದೊಂದು ಎಚ್ಚರಿಕೆಯ ಹಿಂದೆಯೂ ಯಾರದೋ ಗಂಟು ಹೋದ ಕಥೆಯಿರುವುದು ಗೋಚರವಾಗುತ್ತದೆ.

ಮೊದಮೊದಲು ಈ ಕೀ ಕಂಪ್ಯೂಟರಿನ ಒಂದು ಸಾಮಾನ್ಯ ಫೈಲಿನಲ್ಲಿ, ಬೀಗಮುದ್ರೆಗಳಾವುವೂ ಇಲ್ಲದೆ ಬಿದ್ದಿರುತ್ತಿತ್ತು. 2011ರ ಜೂನ್‌ನಲ್ಲಿ ಒಬ್ಬ ಬಳಕೆದಾರನ ವಿಂಡೋಸ್ ಯಂತ್ರದಿಂದ 25,000 ಬಿಟ್‌ಕಾಯಿನ್‌ಗಳು ಒಮ್ಮೆಗೇ ಕಳವಾದವು. ಆ ಫೈಲಿಗೆ ಪಾಸ್‌ವರ್ಡಿನ ರಕ್ಷೆ ಕೊಡುವ ಸೌಕರ್ಯ ಮೂಲ ತಂತ್ರಾಂಶಕ್ಕೆ ಬಂದದ್ದು ಅದೇ ವರ್ಷದ ಸೆಪ್ಟೆಂಬರಿನಲ್ಲಿ. ಆದರೆ ಪಾಸ್‌ವರ್ಡ್ ಒತ್ತಿದ ಕ್ಷಣದಲ್ಲಿ ಕೀ ಪುನಃ ಅದೇ ಸೋಂಕುಬಡಿದ ಯಂತ್ರದೊಳಗೆ ಬಯಲಾಗಲೇಬೇಕಷ್ಟೆ. ಕೆಲವರು ಅದನ್ನು ಕಾಗದದ ಮೇಲೆ ಮುದ್ರಿಸಿ ಪೆಟ್ಟಿಗೆಯಲ್ಲಿಟ್ಟರು. ಇಟ್ಟಷ್ಟು ಕಾಲವೂ ಕ್ಷೇಮ, ಖರ್ಚಿಗೆಂದು ತೆಗೆದ ದಿನವೇ ಅಪಾಯ.

ಈ ಕೊರತೆಯನ್ನು ಸ್ವತಃ ಅನುಭವಿಸಿದವರಲ್ಲಿ ಚೆಕ್ ದೇಶದ ಮಾರೆಕ್ ಪಲಾಟಿನಸ್ ಒಬ್ಬರು. 2010ರಲ್ಲಿ ಹಲವರು ಕಂಪ್ಯೂಟರುಗಳನ್ನು ಕೂಡಿಸಿ ಹೊಸ ಬಿಟ್‌ಕಾಯಿನ್ ಗಳಿಸುವ ಮೈನಿಂಗ್ ಪೂಲನ್ನು ಜಗತ್ತಿನಲ್ಲೇ ಮೊದಲಿಗೆ ತೆರೆದಿದ್ದ ಇವರ 3,000ಕ್ಕೂ ಮಿಕ್ಕ ಬಿಟ್‌ಕಾಯಿನ್‌ಗಳು, 2012ರ ಮಾರ್ಚ್‌ನಲ್ಲಿ ಲಿನೋಡ್ ಎಂಬ ಸಂಸ್ಥೆಯ ಸರ್ವರುಗಳಿಗೆ ಕನ್ನ ಬಿದ್ದಾಗ ಪರರ ಪಾಲಾದವು. ಇವರೂ ಪವೋಲ್ ರುಸ್ನಾಕರೂ ಕೂಡಿ ಪ್ರಾಗ್ ನಗರದಲ್ಲಿ ರೂಪಿಸಿದ ಟ್ರೆಜರ್ ಎಂಬ ಹಾರ್ಡ್‌ವೇರ್ ವ್ಯಾಲೆಟ್, 2013ರಲ್ಲಿ ಮುಂಗಡಕ್ಕೆ ಮಾರಾಟವಾಗಿ, 2014ರಲ್ಲಿ ಗ್ರಾಹಕರ ಕೈಸೇರಿತು. ಪ್ಲಾಸ್ಟಿಕ್ ಕವಚದ್ದಕ್ಕೆ 1 ಬಿಟ್‌ಕಾಯಿನ್, ಲೋಹದ್ದಕ್ಕೆ 3 ಎಂಬ ಅಂದಿನ ಬೆಲೆ ಇಂದಿನ ಓದುಗರಿಗೆ ವಿಸ್ಮಯವನ್ನುಂಟುಮಾಡುವುದು ಸಹಜ. ಅಂಗೈಯಲ್ಲಿ ಅಡಗುವ ಒಂದು ಬಿಲ್ಲೆ, ಅದರಲ್ಲೊಂದು ಪುಟ್ಟ ಪರದೆ, ಕೆಳಗೆ ಎರಡು ಗುಂಡಿ. ಇಷ್ಟೇ ಅದರ ಮೈ. ಅರಸನು ಮುದ್ರೆಯುಂಗುರವನ್ನು ಬೆರಳಿನಿಂದ ಕಳಚದೆಯೇ ಓಲೆಗೆ ಒತ್ತು ಕೊಡುವಂತೆ, ಕಂಪ್ಯೂಟರ್ ಕಳುಹಿದ ವ್ಯವಹಾರದ ಕರಡನ್ನು ಒಳಕ್ಕೆ ತೆಗೆದುಕೊಂಡು, ಮೊತ್ತವನ್ನೂ ವಿಳಾಸವನ್ನೂ ತನ್ನ ಪರದೆಯಲ್ಲಿ ತೋರಿಸಿ, ಒಡೆಯನು ಗುಂಡಿಯನ್ನೊತ್ತಿದ ಮೇಲೆ ಸಹಿಯನ್ನು ಮಾತ್ರ ಹೊರಕ್ಕೆ ಕೊಡುವುದು, ಕೀಯನ್ನು ಎಂದಿಗೂ ಕೊಡದಿರುವುದು ಅದರ ಧರ್ಮ.

ಇದೇ ಗೆಳೆಯರು ಮತ್ತಿಬ್ಬರೊಡಗೂಡಿ 2013ರಲ್ಲಿ ಮುಂದಿಟ್ಟ ಬಿಐಪಿ-39 ಎಂಬ ಪದ್ಧತಿಯನ್ನು ಈ ಇತಿಹಾಸದ ಅತ್ಯಂತ ಉದಾರವಾದ ಕೊಡುಗೆಯೆಂದು ನಾನು ಎಣಿಸುತ್ತೇನೆ. ಮನುಷ್ಯನ ಕಣ್ಣಿಗೂ ನೆನಪಿಗೂ ಒಗ್ಗದ ದೀರ್ಘಸಂಖ್ಯೆಯನ್ನು 2,048 ಸರಳ ಪದಗಳ ಪಟ್ಟಿಯೊಂದರಿಂದ ಆಯ್ದ 12 ಅಥವಾ 24 ಪದಗಳಾಗಿ ಮಾರ್ಪಡಿಸುವುದು ಅದರ ಕ್ರಮ. ಪದವನ್ನು ಪೂರ್ತಿ ಬರೆಯದಿದ್ದರೂ ಗುರುತು ಸಿಕ್ಕಲೆಂದು, ಇಂಗ್ಲಿಷ್ ಪಟ್ಟಿಯ ಯಾವ ಎರಡು ಪದಗಳೂ ಮೊದಲ ನಾಲ್ಕು ಅಕ್ಷರಗಳಲ್ಲಿ ಒಂದನ್ನೊಂದು ಹೋಲದಂತೆ ಆರಿಸಿದ್ದಾರೆ. ಉಪಕರಣ ನೀರಿಗೆ ಬಿದ್ದರೂ, ತಯಾರಿಸಿದ ಕಂಪನಿಯೇ ಮುಚ್ಚಿಹೋದರೂ, ಈ ಪದಗಳು ಕಾಗದದಲ್ಲಿ ಉಳಿದಿದ್ದರೆ ಮತ್ತೊಂದು ಉಪಕರಣದಲ್ಲಿ ಐಶ್ವರ್ಯವೆಲ್ಲವೂ ಮರಳಿ ಬರುವುದು. ಆದರೆ ಇದರಿಂದಲೇ ಕಳ್ಳನ ದೃಷ್ಟಿ ಯಂತ್ರವನ್ನು ಬಿಟ್ಟು ಪದಗಳತ್ತ ತಿರುಗಿತು.

2014ರ ಫೆಬ್ರವರಿಯಲ್ಲಿ ಗ್ರಾಹಕರ ನಾಣ್ಯಗಳ ಕೀಗಳನ್ನು ತಾನೇ ಇಟ್ಟುಕೊಂಡು ವಹಿವಾಟು ನಡೆಸುತ್ತಿದ್ದ ಟೋಕಿಯೋದ ಮೌಂಟ್ ಗಾಕ್ಸ್ ಎಕ್ಸ್‌ಚೇಂಜ್ ಸುಮಾರು 8,50,000 ಬಿಟ್‌ಕಾಯಿನ್‌ಗಳು ಕಾಣೆಯಾದವೆಂದು ದಿವಾಳಿಯೆದ್ದಾಗ, ಪರರ ಬಳಿ ಕೀ ಇಡುವುದರ ಗತಿ ಏನೆಂಬುದು ಲೋಕಕ್ಕೆ ಅರಿವಾಯಿತು. ಅದೇ ವರ್ಷ ಪ್ಯಾರಿಸ್ಸಿನಲ್ಲಿ ಲೆಡ್ಜರ್ ಸಂಸ್ಥೆ ತಲೆಯೆತ್ತಿತು. ಅದರ ನ್ಯಾನೋ ಎಸ್ ಎಂಬ ಹಾರ್ಡ್‌ವೇರ್ ವ್ಯಾಲೆಟ್ 2016ರಲ್ಲಿ ಹೊರಬಂದಿತು. 1974ರಲ್ಲಿ ರೋಲಾಂ ಮೊರೇನೋ ಚಿಪ್ ಕಾರ್ಡಿಗೆ ಪೇಟೆಂಟ್ ಪಡೆದ ನಾಡಿನವರಾದ ಇವರು, ಬ್ಯಾಂಕ್ ಕಾರ್ಡುಗಳಲ್ಲಿರುವಂಥ, ಒಡೆದು ನೋಡಲು ಬಂದವರನ್ನು ಎದುರಿಸಲೆಂದೇ ನಿರ್ಮಿತವಾದ ಸೆಕ್ಯೂರ್ ಎಲಿಮೆಂಟ್ ಎಂಬ ಚಿಪ್ಪನ್ನು ನೆಚ್ಚಿದರು. ಪ್ರಾಗಿನವರಾದರೋ ತಮ್ಮ ಪ್ರೋಗ್ರಾಮನ್ನೂ ವಿನ್ಯಾಸವನ್ನೂ ಸಾದ್ಯಂತ ಪ್ರಕಟಿಸಿ, ಗುಟ್ಟಿಲ್ಲದಿರುವುದೇ ನಂಬಿಕೆಗೆ ಆಧಾರವೆಂದರು. ಎರಡೂ ಪಕ್ಷಗಳಿಗೆ ಪರೀಕ್ಷೆಯ ಕಾಲ ಬಂದಿತು. ಟ್ರೆಜರ್ ಉಪಕರಣ ಕೈಗೆ ಸಿಕ್ಕರೆ ಸುಮಾರು 15 ನಿಮಿಷಗಳಲ್ಲಿ ಅದರೊಳಗಿನ ಪದಗಳನ್ನು ಹೊರಗೆಳೆಯಬಹುದೆಂದು 2020ರ ಜನವರಿಯಲ್ಲಿ ಕ್ರಾಕೆನ್ ಸಂಸ್ಥೆಯ ಸಂಶೋಧಕರು ತೋರಿಸಿಕೊಟ್ಟರು. ಪದಗಳ ಜೊತೆಗೆ ಪಾಸ್‌ಫ್ರೇಸ್ ಎಂಬ ಪ್ರತ್ಯೇಕ ಗುಪ್ತವಾಕ್ಯವನ್ನು ಇಟ್ಟುಕೊಂಡವರಿಗೆ ಮಾತ್ರ ಇದರಿಂದ ರಕ್ಷಣೆಯಿತ್ತು. 2023ರ ಮೇ ತಿಂಗಳಲ್ಲಿ ಲೆಡ್ಜರ್, ಗ್ರಾಹಕರು ಇಚ್ಛಿಸಿದರೆ ಪದಗಳನ್ನು ಗೂಢಲಿಪಿಯ ತುಣುಕುಗಳಾಗಿಸಿ ಹೊರಗೆ ಕಾದಿಡುವ ಸೇವೆಯನ್ನು ಸಾರಿದೊಡನೆ, ಕೀ ಹೊರಬರಲಾರದೆಂದು ನಂಬಿದ್ದವರು ಕ್ಷುಬ್ಧರಾದರು. ಅದೇ ವರ್ಷ ಟ್ರೆಜರ್ ತನ್ನ ಸೇಫ್ 3 ಮಾದರಿಯಲ್ಲಿ ಸೆಕ್ಯೂರ್ ಎಲಿಮೆಂಟನ್ನು ಅಂಗೀಕರಿಸಿದ್ದರಿಂದ ಆ ಹಳೆಯ ವಾದದ ಕಾವು ಅರ್ಧ ಇಳಿಯಿತೆನ್ನಬಹುದು.

ಇವೆರಡರಲ್ಲಿ ಯಾವುದು ಉತ್ತಮವೆಂಬ ಚರ್ಚೆಯಲ್ಲಿ ಜನ ಬಹಳ ಹೊತ್ತು ಕಳೆಯುವರು. ಆದರೆ ಸಾಮಾನ್ಯ ಗ್ರಾಹಕನ ಹಣ ಹೋದ ಪ್ರಸಂಗಗಳನ್ನು ಓದುತ್ತ ಹೋದಂತೆ ಮತ್ತೆ ಮತ್ತೆ ಎದುರಾಗುವುದು ಚಿಪ್ಪಿನ ದೌರ್ಬಲ್ಯವಲ್ಲ, ಉಪಕರಣ ಮನೆಗೆ ಬಂದ ದಾರಿ. 2018ರ ಆದಿಯಲ್ಲಿ ಬ್ರಿಟನ್ನಿನ ಒಬ್ಬ ಗ್ರಾಹಕ ಇಬೇಯಲ್ಲಿ ಮರುಮಾರಾಟಗಾರನಿಂದ ಕೊಂಡ ಲೆಡ್ಜರ್ ಪೆಟ್ಟಿಗೆಯಲ್ಲಿ, ಲಾಟರಿ ಚೀಟಿಯಂತೆ ಉಜ್ಜಿದರೆ ಪದಗಳು ಕಾಣಿಸುವ ಅಚ್ಚುಕಟ್ಟಾದ ಕಾರ್ಡೊಂದಿತ್ತು. ಪದಗಳನ್ನು ಉಪಕರಣವೇ ಮೊದಲ ಬಳಕೆಯಲ್ಲಿ ಸೃಷ್ಟಿಸಿ ತನ್ನ ಪರದೆಯಲ್ಲಿ ತೋರಿಸಬೇಕೆಂಬ ಮೂಲನಿಯಮವನ್ನು ಅರಿಯದ ಆತ, ಆ ಕಾರ್ಡನ್ನು ಕಂಪನಿಯದೆಂದೇ ನಂಬಿ ಹಣ ತುಂಬಿದ. ಪದಗಳನ್ನು ಮೊದಲೇ ಬಲ್ಲವನು ಅದನ್ನೆಲ್ಲ ಸಾಗಿಸಿದ.

2020ರಲ್ಲಿ ಲೆಡ್ಜರ್ ಗ್ರಾಹಕರ ಪಟ್ಟಿಯೇ ಸೋರಿಹೋಯಿತು. ಸುಮಾರು 2,72,000 ಮಂದಿಯ ಹೆಸರು, ಮನೆಯ ವಿಳಾಸ, ಫೋನ್ ಸಂಖ್ಯೆಗಳು ಆ ವರ್ಷದ ಡಿಸೆಂಬರಿನಲ್ಲಿ ಬಹಿರಂಗವಾದವು. ಮರುವರ್ಷ ಅಂಥ ಕೆಲವರ ಮನೆಗೆ, ಕೇಳದೆಯೇ, ಹೊಸ ಉಪಕರಣವೊಂದು ಅಂಚೆಯಲ್ಲಿ ಬಂದಿತು. ಪ್ಲಾಸ್ಟಿಕ್ ಹೊದಿಕೆ ಹರಿಯದ ಪೆಟ್ಟಿಗೆ, ಹಳೆಯದನ್ನು ಬಿಟ್ಟು ಇದನ್ನು ಬಳಸಿರೆಂಬ ಕಂಪನಿಯ ಹೆಸರಿನ ಪತ್ರ, ಕವಚದೊಳಗೆ ಯುಎಸ್‌ಬಿ ತುದಿಗೆ ಬೆಸುಗೆ ಹಾಕಿದ ಕಳ್ಳ ಪೆನ್‌ಡ್ರೈವು. 2023ರಲ್ಲಿ ಕ್ಯಾಸ್ಪರ್‌ಸ್ಕಿ ಸಂಸ್ಥೆ ಬಿಚ್ಚಿ ನೋಡಿದ ನಕಲಿ ಟ್ರೆಜರ್ ಮಾಡೆಲ್ ಟಿ ಇದಕ್ಕಿಂತ ಸೂಕ್ಷ್ಮವಾದುದು. ಹೊರಗಣ ಹೊಲೊಗ್ರಾಂ ಮುದ್ರೆ ಸಾಚಾದಂತೆಯೇ ಇತ್ತು. ಒಳಗೆ ಮಾತ್ರ, ಅಸಲಿನಲ್ಲಿ ಶಬ್ದತರಂಗದಿಂದ ಬೆಸೆದಿರುವ ಕವಚದ ಎರಡು ಹೋಳುಗಳನ್ನು ಅಂಟಿನಿಂದಲೂ ಎರಡು ಬದಿಯ ಟೇಪಿನಿಂದಲೂ ಕೂಡಿಸಲಾಗಿತ್ತು. ಅದನ್ನು ಚಾಲೂ ಮಾಡುವ ಬೂಟ್‌ಲೋಡರ್ ಎಂಬ ತಂತ್ರಾಂಶ ತೋರಿಸುತ್ತಿದ್ದ 2.0.4 ಎಂಬ ಆವೃತ್ತಿಯನ್ನು ಕಂಪನಿ ಎಂದೂ ಬಿಡುಗಡೆ ಮಾಡಿದ್ದೇ ಇಲ್ಲ. ಅದು ಹೊಸದಾಗಿ ಸೃಷ್ಟಿಸಿದಂತೆ ತೋರುತ್ತಿದ್ದ ಪದಗಳು, ಕಳ್ಳರು ಮೊದಲೇ ಸಿದ್ಧಪಡಿಸಿದ್ದ 20 ಗುಂಪುಗಳಲ್ಲಿ ಒಂದಾಗಿದ್ದವು.

ಆದುದರಿಂದ, ನಮ್ಮಲ್ಲಿ ಬೆಂಗಳೂರಿನಲ್ಲಾಗಲಿ ಹುಬ್ಬಳ್ಳಿಯಲ್ಲಾಗಲಿ ಕೊಳ್ಳುವವರು, ತಯಾರಕರಿಂದಲೋ ಅವರೇ ತಮ್ಮ ಪಟ್ಟಿಯಲ್ಲಿ ಹೆಸರಿಸಿರುವ ಮಾರಾಟಗಾರರಿಂದಲೋ ಅಲ್ಲದೆ, ಆನ್‌ಲೈನ್ ಸಂತೆಯ ಅಜ್ಞಾತ ವರ್ತಕನಿಂದ ನಾಲ್ಕು ಕಾಸು ಅಗ್ಗವೆಂದು ತರಿಸುವುದು ಸರ್ವಥಾ ಸಲ್ಲದು. ಸೆಕೆಂಡ್‌ಹ್ಯಾಂಡ್ ಮಾತಂತೂ ಎತ್ತಲೇಬಾರದು. ಮುದ್ರೆ ಇದೆಯೆಂದು ನೆಮ್ಮದಿಗೊಳ್ಳುವಂತಿಲ್ಲ. ಮುದ್ರೆಯನ್ನು ನಕಲು ಮಾಡಬಹುದೆಂದೇ ಲೆಡ್ಜರ್ ಅದನ್ನು ಅಂಟಿಸುವುದಿಲ್ಲ, ಬದಲಾಗಿ ತನ್ನ ಆ್ಯಪ್ ಮೂಲಕ ಚಿಪ್ಪಿನ ಅಸಲಿತನವನ್ನು ಪರೀಕ್ಷಿಸುತ್ತದೆ. ಟ್ರೆಜರ್ ತನ್ನ ಉಪಕರಣವನ್ನು, ಅದನ್ನು ನಡೆಸುವ ಫರ್ಮ್‌ವೇರ್ ಎಂಬ ತಂತ್ರಾಂಶ ಇಲ್ಲದೆಯೇ ಕಳುಹಿಸುತ್ತದೆ. ಬರುವಾಗಲೇ ಫರ್ಮ್‌ವೇರ್ ತುಂಬಿಕೊಂಡು ಬಂದಿದ್ದರೆ ಸಂಶಯಕ್ಕೆ ಅದೇ ಸಾಕು. ಸಂಪೂರ್ಣ ಹಣ ತುಂಬುವ ಮುನ್ನ ಅತ್ಯಲ್ಪವನ್ನು ಹಾಕಿ, ಉಪಕರಣವನ್ನು ಅಳಿಸಿ, ಕಾಗದದಲ್ಲಿ ಬರೆದ ಪದಗಳಿಂದ ಅದನ್ನು ಮರಳಿ ಪಡೆದು ನೋಡುವುದು ವಿವೇಕ. ಆ ಪದಗಳನ್ನು ಫೋನಿನಲ್ಲಿ ಫೋಟೋ ತೆಗೆಯುವವನು ಉಪಕರಣಕ್ಕೆ ತೆತ್ತ ಹಣವನ್ನು ವ್ಯರ್ಥ ಮಾಡಿದಂತೆಯೇ ಸರಿ.

ಅಸಲಿ ಉಪಕರಣವಿದ್ದೂ ಮೋಸಹೋದ ಅಧ್ಯಾಯ ಈಚಿನದು. 2024ರ ಜುಲೈ 18ರಂದು ಭಾರತದ ವಜೀರ್‌ಎಕ್ಸ್ ಎಕ್ಸ್‌ಚೇಂಜಿನಿಂದ 23 ಕೋಟಿ ಡಾಲರಿಗೂ ಮಿಕ್ಕ ಸಂಪತ್ತು ಹೋದಾಗ, ಹಲವರ ಸಹಿ ಬೇಕಾದ ಖಾತೆಗೆ ತನ್ನವರು ಹಾರ್ಡ್‌ವೇರ್ ವ್ಯಾಲೆಟ್‌ಗಳಿಂದಲೇ ಸಹಿ ಹಾಕಿದ್ದರೆಂದೂ, ಕಂಪ್ಯೂಟರ್ ತೋರಿಸಿದ್ದು ಒಂದು, ಸಹಿ ಬಿದ್ದದ್ದು ಮತ್ತೊಂದಕ್ಕೆಂದೂ ಆ ಕಂಪನಿ ತಿಳಿಸಿತು. 2025ರ ಫೆಬ್ರವರಿಯಲ್ಲಿ ಬೈಬಿಟ್ ಎಕ್ಸ್‌ಚೇಂಜ್ ಸುಮಾರು 150 ಕೋಟಿ ಡಾಲರನ್ನು ಕಳೆದುಕೊಂಡ ಬಗೆಯೂ ಇದೇ. ಬಿಟ್‌ಕಾಯಿನ್ ವ್ಯವಹಾರದಲ್ಲಿ ವಿಳಾಸವನ್ನೂ ಮೊತ್ತವನ್ನೂ ತೋರಿಸುವ ಪುಟ್ಟ ಪರದೆ, ಈ ಎರಡೂ ಕಳವುಗಳು ನಡೆದ ಇಥೀರಿಯಂ ಎಂಬ ಬೇರೊಂದು ನಾಣ್ಯಜಾಲದ ಜಟಿಲ ಕರಾರುಗಳೆದುರು ಅರ್ಥವಾಗದ ಅಂಕಿಯಕ್ಷರಗಳ ಸಾಲನ್ನಷ್ಟೇ ತೋರಿಸಿದಾಗ, ಗುಂಡಿಯೊತ್ತುವವನು ಓದದೆಯೇ ಒಪ್ಪುವ ಅಭ್ಯಾಸಕ್ಕೆ ಬೀಳುತ್ತಾನೆ. ಇಂದು ಹಾರ್ಡ್‌ವೇರ್ ವ್ಯಾಲೆಟ್ ಆರಿಸುವವನು ಬಣ್ಣವನ್ನೂ ಬ್ಲೂಟೂತನ್ನೂ ಆಮೇಲೆ ವಿಚಾರಿಸಲಿ. ತಾನು ಬಳಸಲಿರುವ ನಾಣ್ಯದ ವ್ಯವಹಾರವನ್ನು, ಹಣ ಹೋಗುವ ವಿಳಾಸದ ಕೊನೆಯಕ್ಷರದ ಪರ್ಯಂತ, ಓದಿ ತಿಳಿಯುವಂತೆ ಅದರ ಪರದೆ ತೋರಿಸುವುದೇ ಎಂಬುದನ್ನು ಮೊದಲು ಕೇಳಲಿ.