ಸೊಲ್ಲಾಪುರದ ಉತ್ತರ ಕಸಬೆ: ಒಂದು ಪೇಟೆಯ ಕನ್ನಡ ಬದುಕು

ಸೊಲ್ಲಾಪುರದ ಹಳೆಯ ಊರು ಉತ್ತರ ಕಸಬೆ ಹಾಗೂ ಅದಕ್ಕೆ ಹೊಂದಿಕೊಂಡ ಬಾಳಿವೇಸಿನ ಸುತ್ತ ಹರಡಿಕೊಂಡಿದೆ. ‘ವೇಸ್’ ಎಂಬುದು ಮರಾಠಿ ಮಾತು. ಕನ್ನಡದಲ್ಲಿ ಅದಕ್ಕೆ ‘ಅಗಸಿ’ ಎನ್ನುತ್ತಾರೆ. ತುಳಜಾಪುರ ವೇಸ್, ವಿಜಾಪುರ ವೇಸ್ ಎಂಬ ಹೆಸರುಗಳು ಆಯಾ ಊರಿನ ದಾರಿ ಹೊರಡುತ್ತಿದ್ದ ಬಾಗಿಲುಗಳನ್ನು ಇಂದಿಗೂ ನೆನಪಿಸುತ್ತವೆ. ಈ ಪೇಟೆಯ ಕನ್ನಡಿಗರ ಮನೆಯೊಳಗಿನ ಮಾತು ಒಂದು, ಕಚೇರಿಯ ಮಾತು ಇನ್ನೊಂದು. ಹೀಗಿದ್ದೂ ಇಲ್ಲಿ ಕನ್ನಡ ಹೇಗೆ ಉಳಿಯಿತು, ಉಳಿದುದು ಎಷ್ಟು ಎಂಬುದನ್ನು ಈ ಪೇಟೆಯ ಚರಿತ್ರೆಯೇ ಹೇಳುತ್ತದೆ.

ಈ ಊರಿನ ಹಳೆಯ ಹೆಸರು ಸೊನ್ನಲಿಗೆ. 12ನೆಯ ಶತಮಾನದ ಶರಣ ಸಿದ್ಧರಾಮನು ಇಲ್ಲಿ ಕೆರೆ ಕಟ್ಟಿಸಿ, ಲಿಂಗಗಳನ್ನು ಸ್ಥಾಪಿಸಿದನೆಂಬುದು ಪರಂಪರೆ. ರಾಘವಾಂಕನ ‘ಸಿದ್ಧರಾಮ ಚಾರಿತ್ರ’ದ ಕಥಾಭೂಮಿಯೂ ಇದೇ. ಊರಿನ ಪುಣ್ಯಪುರುಷನ ಚರಿತ್ರೆ ಕನ್ನಡ ಕಾವ್ಯವೊಂದರಲ್ಲಿ ಇರುವುದು ಇಲ್ಲಿಯ ಕನ್ನಡದ ಪ್ರಾಚೀನತೆಗೆ ಸಾಕ್ಷಿ.

ಆಧುನಿಕ ಸೊಲ್ಲಾಪುರವನ್ನು ರೂಪಿಸಿದುದು ರೈಲು ಮತ್ತು ಗಿರಣಿ. 1860ರಲ್ಲಿ ಮುಂಬಯಿ ಕಡೆಯಿಂದ ರೈಲು ಬಂದಿತು. 1876–78ರ ಭೀಕರ ಬರದ ನಡುವೆಯೇ, 1877ರಲ್ಲಿ, ಮುಂದೆ ‘ಜೂನಿ ಗಿರಣಿ’ ಎಂದು ಹೆಸರಾದ ಸೊಲ್ಲಾಪುರ ನೂಲುವ ಮತ್ತು ನೇಯುವ ಗಿರಣಿ ಸ್ಥಾಪನೆಯಾಯಿತು. 1884ರಲ್ಲಿ ಹೊಟಗಿಯಿಂದ ವಿಜಾಪುರದ ಮೂಲಕ ಗದಗಿಗೆ ಹಳಿ ಬಿದ್ದ ಮೇಲೆ ದಕ್ಷಿಣದ ಹಳ್ಳಿಗಳಿಗೂ ಗಿರಣಿಗೂ ನೇರ ಸಂಪರ್ಕ ಒದಗಿತು. ಆಗ ವಿಜಾಪುರವೂ ಸೊಲ್ಲಾಪುರವೂ ಒಂದೇ ಮುಂಬಯಿ ಪ್ರಾಂತದೊಳಗಿನ ಜಿಲ್ಲೆಗಳು. ದುಡಿಯಲು ಬಂದವನು ಗಡಿ ದಾಟಿದವನಾಗಿರಲಿಲ್ಲ. ತೆಲಂಗಾಣದಿಂದ ಬಂದ ಪದ್ಮಶಾಲಿ ನೇಕಾರರು ನಗರದ ಪೂರ್ವ ಭಾಗದಲ್ಲಿ ಮಗ್ಗ ಹೂಡಿದರು. ಹೀಗೆ ಕನ್ನಡ, ಮರಾಠಿ, ತೆಲುಗು, ದಖನಿ ಉರ್ದು ಒಂದೇ ಸಂತೆಯಲ್ಲಿ ವ್ಯವಹರಿಸತೊಡಗಿದವು. ಕಟಕ ರೊಟ್ಟಿಯನ್ನೂ ಶೇಂಗಾ ಹಿಂಡಿಯನ್ನೂ ಕೊಳ್ಳುವವರ ಭಾಷೆ ಯಾವುದೆಂದು ಇಲ್ಲಿ ಯಾರೂ ಕೇಳುವುದಿಲ್ಲ.

ಈ ಬೆರಕೆಯ ಬದುಕು ರಾಜಕೀಯದಲ್ಲಿಯೂ ಒಟ್ಟಾಗಿ ನಿಂತಿತು. 1930ರ ಮೇ ತಿಂಗಳಲ್ಲಿ ನಗರವು ಬ್ರಿಟಿಷ್ ಆಡಳಿತದ ವಿರುದ್ಧ ಎದ್ದಾಗ ಸರಕಾರ ಇಲ್ಲಿ ಸೈನಿಕ ಕಾನೂನನ್ನು ಹೇರಿತು. 1931ರ ಜನವರಿ 12ರಂದು ಯೆರವಡಾ ಸೆರೆಮನೆಯಲ್ಲಿ ಮಲ್ಲಪ್ಪ ಧನಶೆಟ್ಟಿ, ಶ್ರೀಕಿಸನ್ ಸಾರಡಾ, ಜಗನ್ನಾಥ ಶಿಂದೆ, ಅಬ್ದುಲ್ ರಸೂಲ್ ಕುರ್ಬಾನ್ ಹುಸೇನ್ ಗಲ್ಲಿಗೇರಿದರು. ನಾಲ್ವರ ಹೆಸರುಗಳೇ ಆ ಕಾಲದ ಪೇಟೆಗಳ ರಚನೆಯನ್ನು ಹೇಳುತ್ತವೆ.

1949ರಲ್ಲಿ ಜೂನಿ ಗಿರಣಿ ಬಾಗಿಲು ಮುಚ್ಚಿತು. ಮರುವರ್ಷ ಕೇಂದ್ರ ಸರಕಾರ ಅದರ ಆಡಳಿತವನ್ನು ಕೈಗೆತ್ತಿಕೊಂಡುದು ಸರ್ವೋಚ್ಚ ನ್ಯಾಯಾಲಯದವರೆಗೂ ಹೋದ ಪ್ರಕರಣವಾಯಿತು. ಅದೇ 1950ರಲ್ಲಿ ಎಂ.ಆರ್. ಶ್ರೀನಿವಾಸಮೂರ್ತಿಯವರ ಅಧ್ಯಕ್ಷತೆಯಲ್ಲಿ ಕನ್ನಡ ಸಾಹಿತ್ಯ ಸಮ್ಮೇಳನ ಸೊಲ್ಲಾಪುರದಲ್ಲಿ ನೆರೆಯಿತು. ಆರು ವರ್ಷಗಳಲ್ಲಿ ಚಿತ್ರ ಬದಲಾಯಿತು. 1956ರ ಪುನರ್ವಿಂಗಡಣೆಯಲ್ಲಿ ವಿಜಾಪುರ ಮೈಸೂರು ರಾಜ್ಯಕ್ಕೆ ಸೇರಿತು. ಸೊಲ್ಲಾಪುರ ಮುಂಬಯಿಯಲ್ಲಿ ಉಳಿದು, 1960ರಲ್ಲಿ ಮಹಾರಾಷ್ಟ್ರದ ಭಾಗವಾಯಿತು. ಅಕ್ಕಲಕೋಟೆ ಮತ್ತು ದಕ್ಷಿಣ ಸೊಲ್ಲಾಪುರದ ಗ್ರಾಮಗಳ ಬಗ್ಗೆ ಮಹಾಜನ ಆಯೋಗ 1967ರಲ್ಲಿ ಮಾಡಿದ ಶಿಫಾರಸು ಜಾರಿಗೆ ಬರಲಿಲ್ಲ. ಗಡಿ ಬಿದ್ದುದು ನಕ್ಷೆಯಲ್ಲಿ. ಅದರ ಪರಿಣಾಮ ಕಂಡುದು ಶಾಲೆಯಲ್ಲಿ, ಕಚೇರಿಯ ಅರ್ಜಿಯಲ್ಲಿ, ಅಂಗಡಿಯ ಫಲಕದಲ್ಲಿ.

ಆದರೂ ಸಂಕ್ರಾಂತಿಯ ಹೊತ್ತಿಗೆ ಪೇಟೆಯ ಹಳೆಯ ನುಡಿ ಬೀದಿಗೆ ಬರುತ್ತದೆ. ಸಿದ್ಧರಾಮೇಶ್ವರನ ‘ಗಡ್ಡಾ’ ಜಾತ್ರೆಗೆ ಏಳು ನಂದಿಧ್ವಜಗಳು ಉತ್ತರ ಕಸಬೆಯ ಹಿರೇಹಬ್ಬು ವಾಡೆಯಿಂದ ಹೊರಡುತ್ತವೆ. ಬಿಳಿಯ ಬಾರಾಬಂದಿ ತೊಟ್ಟ ಬೇರೆ ಬೇರೆ ಸಮುದಾಯಗಳವರು ಆ ಎತ್ತರದ ಕೋಲುಗಳನ್ನು ಹೊತ್ತು ಸಾಗುತ್ತಾರೆ. ಮೊದಲು 68 ಲಿಂಗಗಳಿಗೆ ಎಣ್ಣೆಯ ಅಭಿಷೇಕ. ಬಳಿಕ ಸಮ್ಮತಿ ಕಟ್ಟೆಯ ಬಳಿ ಅಕ್ಷತೆ. ಸಿದ್ಧರಾಮನನ್ನು ವರಿಸಬಯಸಿದ ಕುಂಬಾರ ಕನ್ಯೆಗೆ ಆತನ ಯೋಗದಂಡದೊಡನೆ ಮದುವೆಯಾಯಿತೆಂಬ ಐತಿಹ್ಯ ಇದರ ಹಿನ್ನೆಲೆ. ಎಣ್ಣೆಯ ಅಭಿಷೇಕವನ್ನು ಇಲ್ಲಿಯ ಮರಾಠಿ ಪತ್ರಿಕೆಗಳು ‘ಯಣ್ಣಿಮಜ್ಜನ’ ಎಂದೇ ಬರೆಯುತ್ತವೆ. ಕೊನೆಗೆ ಧ್ವಜಗಳ ವಸ್ತ್ರ ತೆಗೆಯುವ ವಿಧಿಯನ್ನು ‘ಕಪ್ಪಡಕಳಿ’ ಎನ್ನುತ್ತವೆ. ಎಣ್ಣೆ, ಮಜ್ಜನ, ಕಪ್ಪಡ, ಕಳೆ: ಇವು ಹಳಗನ್ನಡದ ಓದುಗನಿಗೆ ಪರಿಚಿತ ಮಾತುಗಳು. ಕನ್ನಡ ಬಾರದವರ ಬಾಯಲ್ಲಿಯೂ ಅವು ವರ್ಷಕ್ಕೊಮ್ಮೆ ತಪ್ಪದೆ ಬರುತ್ತವೆ.

ಆಚರಣೆಯ ಪದಗಳು ಉಳಿದುದನ್ನೇ ಭಾಷೆ ಉಳಿದುದೆಂದು ತಿಳಿಯುವುದು ಸರಿಯಲ್ಲ. ಇದೇ ನಗರದಲ್ಲಿ 1912ರಲ್ಲಿ ಹುಟ್ಟಿದ ಜಯದೇವಿತಾಯಿ ಲಿಗಾಡೆಯವರ ಬದುಕು ಈ ಅಂತರವನ್ನು ಸ್ಪಷ್ಟಪಡಿಸುತ್ತದೆ. ಮರಾಠಿಯಲ್ಲಿ ಶಿಕ್ಷಣ ಪಡೆದ ಅವರು ಸ್ವಪ್ರಯತ್ನದಿಂದ ಕನ್ನಡ ಕಲಿತು ಸಿದ್ಧರಾಮನ ಮೇಲೆ ಪುರಾಣಕಾವ್ಯ ಬರೆದರು. 1974ರ ಮಂಡ್ಯ ಸಮ್ಮೇಳನದ ಅಧ್ಯಕ್ಷರಾಗಿ, ಆ ಪೀಠವನ್ನೇರಿದ ಮೊದಲ ಮಹಿಳೆಯಾದರು. ಜಾತ್ರೆಯ ಊರಿನಲ್ಲಿ ಬೆಳೆದವರಿಗೂ ಕನ್ನಡದ ಓದು ತಾನಾಗಿ ಒದಗಲಿಲ್ಲ. ಅಂಥ ಛಲ ಪೇಟೆಯ ಎಲ್ಲ ಮಕ್ಕಳಿಂದ ನಿರೀಕ್ಷಿಸತಕ್ಕದ್ದಲ್ಲ; ಅವರಿಗೆ ಬೇಕಾದುದು ಹತ್ತಿರದಲ್ಲೊಂದು ಕನ್ನಡ ಶಾಲೆ, ಓದಲು ಪುಸ್ತಕ. ಇವೆರಡೂ ಇಲ್ಲವಾದರೆ ‘ಯಣ್ಣಿಮಜ್ಜನ’ವೆಂಬ ಶಬ್ದ ಉಳಿದೀತು; ಅದು ಯಾವ ನುಡಿಯದೆಂದು ಬಲ್ಲವರು ಉಳಿಯಲಾರರು. ಹಿರಿಯರ ನಾಲಗೆಯ ಮೇಲಿರುವ ಓಣಿಯ ಹೆಸರು, ಗಿರಣಿಯ ಮಾತು, ಜಾತ್ರೆಯ ಪದಗಳನ್ನು ಈಗಲೇ ದಾಖಲಿಸುವುದು ಸಂಶೋಧಕರ ಪಾಲಿನ ಕೆಲಸ. ಅವನ್ನು ಮನೆಮಾತಾಗಿ ಉಳಿಸುವುದು ಪೇಟೆಯ ಮತ್ತು ಶಾಲೆಯ ಕೆಲಸ.